ನೀಕ್ಯಾಂಪ್ ರೋಡ್‌ಸ್ಟರ್: ದಯವಿಟ್ಟು ಬಾಡಿಯ ಅಂಚನ್ನು ಉಜ್ಜಬೇಡಿ

ನೀಕ್ಯಾಂಪ್ ರೋಡ್‌ಸ್ಟರ್ ಎಂಬ ಹಳೆಯ ತೆರೆದ ಕಾರಿನ ಪ್ಲಾಸ್ಟಿಕ್ ಮಾದರಿಗಾಗಿ, 1929ರ ಫೋರ್ಡ್ ಮಾಡೆಲ್ ಎ ಬಾಡಿಯನ್ನು ಚಾನೆಲ್ ಮಾಡಲೆಂದು, ಅಂದರೆ ಚಾಸಿಯ ಮೇಲೆ ತಗ್ಗಿಸಿ ಕೂರಿಸಲೆಂದು, ಅದರ ಕೆಳ ಅಂಚನ್ನು ಸ್ಯಾಂಡ್‌ಪೇಪರಿಗೆ ತಿಕ್ಕುತ್ತಿರುವ ನಿಮ್ಮ ಚಿತ್ರ ನೋಡಿದೆ. ಅಲ್ಲಿಗೇ ನಿಲ್ಲಿಸಿ ಸ್ವಾಮಿ. ಹೀಗೆ ತಿಕ್ಕಿಯೇ ನಾನೊಂದು ಬಾಡಿಯನ್ನು ಕಸಕ್ಕೆ ಹಾಕಿದ್ದೇನೆ. ಹೊರ ಮೈ ಇದ್ದ ಹಾಗೆಯೇ ಇರಬೇಕು. ಒಳಗಿನ ನೆಲ ಮೇಲೇರಬೇಕು. ಆಗ ಬಾಡಿ ತಾನಾಗಿ ಚಾಸಿಯ ಮೇಲೆ ಇಳಿದು ಕೂರುತ್ತದೆ.

ನಿಜ ಗಾಡಿಯ 4 ಇಂಚು 1/25 ಅಳತೆಯ ಮಾದರಿಯಲ್ಲಿ 4 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು, ಅಷ್ಟೇ. ಹಳೆಯ ನೆಲವನ್ನು ಕೊರೆದು ತೆಗೆಯಿರಿ. ಬಾಡಿಯ ಒಳಗೋಡೆಗೆ, ಬೇಕಾದ ಎತ್ತರದಲ್ಲಿ, 1.5 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಪಟ್ಟಿಯನ್ನು ಸುತ್ತಲೂ ಅಂಟಿಸಿ, ಅದರ ಮೇಲೆ ಹೊಸ ನೆಲ ಕೂರಿಸಿ. ತಮಿಯಾದ ಹಸಿರು ಮುಚ್ಚಳದ ತೆಳು ಅಂಟು ಸಾಕು. ಸೂಪರ್ ಗ್ಲೂ ಬೇಡವೇ ಬೇಡ: ಒಂದು ಗೆರೆ ತಪ್ಪಿದರೆ ಬಿಡಿಸುವಾಗ ಬಾಡಿಯೇ ಸೀಳುತ್ತದೆ. ಅಂಟಿಸುವ ಮೊದಲು ಚಕ್ರ, ಮೂತಿ, ಸೀಟು ಎಲ್ಲವನ್ನೂ ಟೇಪಿನಲ್ಲಿ ನಿಲ್ಲಿಸಿ ನೋಡಿ. ನೆಲ ಏರಿದಷ್ಟು ಸೀಟಿನ ಕುಶನ್ ತೆಳುವಾಗಬೇಕು, ಸ್ಟಿಯರಿಂಗ್ ಕೋಲಿನ ಓರೆ ಬದಲಾಗಬೇಕು. ರೇಡಿಯೇಟರನ್ನು ಹಳೆಯ ಎತ್ತರದಲ್ಲೇ ಬಿಟ್ಟರೆ ಬಾನೆಟ್ಟು ಹಿಂದಕ್ಕೆ ಇಳಿಜಾರಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ಚಾಸಿಗೆ ಬೋಲ್ಟುಗಳನ್ನು ಕೆತ್ತುತ್ತ ಕೂರಬೇಡಿ. ಬಿಲ್ ನೀಕ್ಯಾಂಪ್ ಅವರ ನಿಜ ಗಾಡಿಯಲ್ಲಿ ಅಡಿಗೆಲ್ಲ ತಗಡು ಮುಚ್ಚಿದೆ. ಆ ತಗಡೂ ರೇಸ್ ಕಾರಿನಂಥ ಮೂತಿಯೂ ವೈಟಿ ಕ್ಲೇಟನ್ ಅವರ ಕೈಕೆಲಸ. 1950ರಲ್ಲಿ ಓಕ್‌ಲೆಂಡ್ ಪ್ರದರ್ಶನದಲ್ಲಿ 'ಅಮೆರಿಕದ ಅತಿ ಸುಂದರ ರೋಡ್‌ಸ್ಟರ್' ಪ್ರಶಸ್ತಿಯನ್ನು ಮೊಟ್ಟಮೊದಲು ಗೆದ್ದದ್ದು ಇದೇ. ಆದರೂ ಎಲ್ಲರ ಶೆಲ್ಫಿನಲ್ಲಿ 1958, 1959ರಲ್ಲಿ ಅದೇ ಪ್ರಶಸ್ತಿ ಗೆದ್ದ ಅಲಾ ಕಾರ್ಟ್ ಎಂಬ ಗಾಡಿಯ ಮಾದರಿ! ಅದು ಚೆಂದವಿಲ್ಲವೆಂದಲ್ಲ, ಆದರೆ ಇದು ಕ್ಯಾಲಿಫೋರ್ನಿಯಾದ ಎಲ್ ಮಿರಾಜ್‌ನ ಒಣಕೆರೆಯಲ್ಲಿ ಗಂಟೆಗೆ 142 ಮೈಲಿ ಓಡಿದ ಗಾಡಿ.

ಇನ್ನು ಎಂಜಿನ್. ರೆವೆಲ್ ಕಂಪನಿಯ ಕಿಟ್‌ನಲ್ಲಿರುವುದು ಬ್ಯೂಕ್ ನೇಲ್‌ಹೆಡ್ ಎಂಜಿನ್, ಅದು ಬಂದದ್ದೇ 1953ರಲ್ಲಿ, ಈ ಗಾಡಿಗೆ ಹೊಂದದು. ಅದೇ ಕಂಪನಿಯ 1948ರ ಫೋರ್ಡ್ ಕಿಟ್‌ನಿಂದ ಫ್ಲ್ಯಾಟ್‌ಹೆಡ್ ಎಂಬ ಹಳೆಯ ವಿ8 ಎಂಜಿನ್ ತೆಗೆದುಕೊಳ್ಳಿ. ಪಕ್ಕಕ್ಕೆ ನಾಲ್ಕು ಸಿಲಿಂಡರ್ ಇವೆಯೆಂದು ನಾಲ್ಕು ಎಗ್ಸಾಸ್ಟ್ ಕೊಳವೆ ಅಂಟಿಸೀರಿ, ಹುಷಾರು! ನಡುವಿನ ಎರಡಕ್ಕೂ ಒಂದೇ ಬಾಯಿ, ಪಕ್ಕಕ್ಕೆ ಮೂರೇ.

ಬಣ್ಣ ಗಾಢ ನೀಲಿ, ಸಾದಾ. ನೀವು ತಂದಿಟ್ಟಿರುವ ಮಿನುಗು ಚೂರಿನ ಬಣ್ಣ ಆ ಕಾಲದ್ದಲ್ಲ, ಬೇರೆ ಗಾಡಿಗೆ ಇಟ್ಟುಕೊಳ್ಳಿ. ಪ್ರೈಮರ್ ಇಲ್ಲದೆ ಲ್ಯಾಕರ್ ಹೊಡೆದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ನಾನು ಮಿಸ್ಟರ್ ಸರ್ಫೇಸರ್ 1000 ಪ್ರೈಮರ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಕಾರಿನ ಅಂಗಡಿಯ ಅಗ್ಗದ ಪುಟ್ಟಿ ತಿಂಗಳಾದ ಮೇಲೆ ಕುಗ್ಗಿ ಬಣ್ಣದಡಿಯಿಂದ ಗೆರೆಯೆತ್ತುತ್ತದೆ, ಅದೂ ಬೇಡ. ಜಿಟಿಜಿಟಿ ಮಳೆಯಲ್ಲಿ ಲ್ಯಾಕರ್ ಹೊಡೆದರೆ ಹಾಲು ಚೆಲ್ಲಿದಂತೆ ಬಿಳಿಚುತ್ತದೆ. ಆಗಲೇ ಬಿಳಿಚಿದ್ದರೆ ಉಜ್ಜಲು ಹೋಗಬೇಡಿ. ಒಣ ಹವೆ ಬಂದ ಮೇಲೆ ರಿಟಾರ್ಡರ್ (ಒಣಗುವುದನ್ನು ನಿಧಾನಿಸುವ ದ್ರವ) ಬೆರೆಸಿದ ಥಿನ್ನರನ್ನು ತೆಳ್ಳಗೆ ಒಂದು ಕೈ ಹೊಡೆಯಿರಿ, ಬಹುಪಾಲು ಹೋಗುತ್ತದೆ.