ಇಟಲಿಯಲ್ಲಿ ಕಾರು ಓಡಿಸೋಕೆ ಫೋನ್ ಮ್ಯಾಪ್ ಸಾಕಾ, ಬಾಡಿಗೆ ಜಿಪಿಎಸ್ ಬೇಕಾ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ಫ್ಲಾರೆನ್ಸ್ ನೆನಪಾಯಿತು. ಹೊರಡುವ ಮುಂಚೆ ನಾವೂ ಜಯನಗರದ ಮನೆಯಲ್ಲಿ ಕೂತು ಇದನ್ನೇ ಚರ್ಚೆ ಮಾಡಿದ್ದೆವು. ಫೋನೇ ಸಾಕು, ದಿನಬಾಡಿಗೆ ಕೊಟ್ಟು ಇನ್ನೊಂದು ಪರದೆ ತಗೊಳ್ಳಬೇಡಿ. ಆದರೆ ಯೋಚನೆ ಮಾಡಬೇಕಾದದ್ದು ಅದನ್ನಲ್ಲ. ಕೈಯಲ್ಲಿ ಯಾವ ಜಿಪಿಎಸ್ ಇದ್ದರೂ ನಮಗೆ ಆಗಿದ್ದೇ ಆಗುತ್ತಿತ್ತು.

ಅಮ್ಮನಿಗೆ ಮಂಡಿ ನೋವು. ಜಾಸ್ತಿ ನಡೆಸೋದು ಬೇಡ ಅಂತ ಹಳೇ ಊರಿನ ನಡುವೆಯೇ ಹೋಟೆಲ್ ಹಿಡಿದಿದ್ದೆವು. ಅವರನ್ನೂ ಸೂಟ್‌ಕೇಸುಗಳನ್ನೂ ಬಾಗಿಲಲ್ಲಿ ಇಳಿಸಿ, ಆಮೇಲೆ ಪಾರ್ಕಿಂಗ್ ಹುಡುಕೋಣ ಅಂತಿತ್ತು. ಮ್ಯಾಪಿಗೆ ನೇರವಾಗಿ ಹೋಟೆಲ್ ವಿಳಾಸ ಹಾಕಿದೆ. ತಪ್ಪು ಮಾಡಿದ್ದು ಅಲ್ಲೇ.

ಇಟಲಿಯ ಎಷ್ಟೋ ಹಳೇ ಊರುಗಳ ನಡುಭಾಗಕ್ಕೆ ಹೊರಗಿನ ಕಾರು ಹೋಗುವ ಹಾಗಿಲ್ಲ. ಅದಕ್ಕೆ ಜೆಡ್‌ಟಿಎಲ್ (ZTL), ಅಂದರೆ ಸೀಮಿತ ಸಂಚಾರದ ವಲಯ, ಅಂತಾರೆ. ಗೇಟಿಲ್ಲ, ಪೊಲೀಸ್ ಇಲ್ಲ. ಕೆಂಪು ಅಂಚಿನ ಬಿಳಿ ದುಂಡು ಫಲಕ, ಅದರ ಕೆಳಗೆ ಸಣ್ಣಕ್ಷರದಲ್ಲಿ ಇಟಾಲಿಯನ್‌ನಲ್ಲಿ ಸಮಯ, ಪಕ್ಕದಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ, ಅಷ್ಟೇ. ಅಲ್ಲಿ ವಾಸ ಇರುವವರು, ಟ್ಯಾಕ್ಸಿಯವರು ಅದೇ ರಸ್ತೆಯಲ್ಲಿ ಓಡಾಡುತ್ತಾರೆ. ಹಾಗಾಗಿ ಮ್ಯಾಪಿನ ಲೆಕ್ಕದಲ್ಲಿ ಆ ರಸ್ತೆ ತೆರೆದೇ ಇದೆ. ನಮ್ಮ ಕಾರಿಗೆ ಪರ್ಮಿಟ್ ಇದೆಯೋ ಇಲ್ಲವೋ ಅದಕ್ಕೇನು ಗೊತ್ತು? ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಿದ್ದ, ಫೋನು ಬಲಕ್ಕೆ ತಿರುಗಿ ಅಂತಿತ್ತು, ನಾನು ತಿರುಗಿಸಿದೆ. ಮುಂದೆ ಒಂದು ತಿರುವು ತಪ್ಪಿತು. ಮ್ಯಾಪು ಸುತ್ತಿಸಿಕೊಂಡು ಬಂದು ಇನ್ನೊಂದು ಕ್ಯಾಮೆರಾ ಕೆಳಗಿಂದ ಒಳಗೆ ಬಿಟ್ಟಿತು.

ಪ್ರತಿ ಸಲ ಒಳಗೆ ಹೋದದ್ದೂ ಬೇರೆ ಬೇರೆ ದಂಡ, ಒಂದೊಂದೂ 80 ಯುರೋಗೂ ಮೇಲೆ. ನಮ್ಮ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೆ ಅಂತ ಬಾಡಿಗೆ ಕಂಪನಿಯವರು ಕಾರ್ಡಿನಿಂದ ಬೇರೆ ದುಡ್ಡು ಎಳೆದರು. ವಿದೇಶದವರಿಗೆ ನೋಟಿಸ್ ಕಳಿಸೋಕೆ ಅಲ್ಲಿನ ಕಾನೂನಿನಲ್ಲಿ 360 ದಿನ ಟೈಮ್ ಇದೆ. ಪ್ರವಾಸ ಮರೆತೇ ಹೋಗಿದ್ದಾಗ ಕಾಗದ ಮನೆಗೆ ಬಂತು. ಹೊರಡುವ ಮುಂಚೆ ಹೋಟೆಲಿಗೆ ಒಂದು ಮೇಲ್ ಹಾಕಿದ್ದರೆ ಸಾಕಿತ್ತು. ಅತಿಥಿಗಳು ಲಗೇಜ್ ಇಳಿಸಿ ಹೋಗೋಕೆ ಹೋಟೆಲಿನವರೇ ಕಾರಿನ ನಂಬರ್ ನೋಂದಾಯಿಸಬಹುದು. ಹಾಗೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಅದಕ್ಕೇ ಹೇಳ್ತೀನಿ, ಇಟಲಿಯ ಹಳೇ ಊರುಗಳೊಳಗೆ ಕಾರೇ ಬೇಡ. ಟಸ್ಕನಿಯ ಹಳ್ಳಿ, ಗುಡ್ಡ ಸುತ್ತೋಕೆ ಕಾರು ಬೇಕೇ ಬೇಕು, ಅಲ್ಲಿ ಧಾರಾಳವಾಗಿ ಮ್ಯಾಪ್ ನಂಬಿ. ಫ್ಲಾರೆನ್ಸಿಗೆ ಬಂದಾಗ ಮಾತ್ರ ಹೋಟೆಲ್ ಬದಲು ವಿಲ್ಲಾ ಕೊಸ್ತಾಂಜಾ ಪಾರ್ಕಿಂಗ್ ಅಂತ ಹಾಕಿ. ಎ1 ಹೆದ್ದಾರಿಯಿಂದಲೇ ನೇರ ಅದರೊಳಗೆ ಹೋಗಬಹುದು, ಟೋಲ್ ದಾಟಿ ಹೊರಗೆ ಬರೋದೂ ಬೇಕಿಲ್ಲ. ಅಲ್ಲಿಂದಲೇ ಟ್ರಾಮ್ ಹೊರಡುತ್ತೆ, ಊರ ನಡುವಿನ ಸಾಂತಾ ಮರಿಯಾ ನೊವೆಲ್ಲಾ ರೈಲ್ವೆ ಸ್ಟೇಷನ್ ಹತ್ತಿರ ಇಳಿಸುತ್ತೆ. ವಯಸ್ಸಾದವರು ಜೊತೆಗಿದ್ದರೆ ಸ್ಟೇಷನ್ನಿನಿಂದ ಟ್ಯಾಕ್ಸಿ ಮಾಡಿ, ದಂಡಕ್ಕಿಂತ ಎಷ್ಟೋ ಕಮ್ಮಿ.

ಇನ್ನು ನೆಟ್ ಸಿಗದಿದ್ದರೆ ಅನ್ನೋ ಭಯಕ್ಕೇ ಬಾಡಿಗೆ ಜಿಪಿಎಸ್ ಯೋಚನೆ ಮಾಡಿದ್ದೀರಿ ಅಲ್ವಾ? ಉಪಗ್ರಹದ ಸಿಗ್ನಲ್‌ಗೆ ನೆಟ್ ಬೇಕಿಲ್ಲ, ನಕ್ಷೆ ಇಳಿಸೋಕೆ ಮಾತ್ರ ಬೇಕು. ಆ ಭಾಗದ ನಕ್ಷೆಯನ್ನು ಇಲ್ಲೇ ಮನೆಯ ವೈಫೈನಲ್ಲಿ ಇಳಿಸಿಕೊಳ್ಳಿ. ಟ್ರಾಫಿಕ್ ಕಾಣಲ್ಲ, ದಾರಿ ಕಾಣುತ್ತೆ. ಹಾಗೇ ಕಾರು ಫ್ರಾನ್ಸ್‌ಗೋ ಸ್ವಿಟ್ಜರ್ಲೆಂಡಿಗೋ ದಾಟೋದಾದರೆ ಸ್ಪೀಡ್ ಕ್ಯಾಮೆರಾ ಎಚ್ಚರಿಕೆಯನ್ನು ಗಡಿಗೆ ಮುಂಚೆಯೇ ಆಫ್ ಮಾಡಿ. ಅಲ್ಲಿ ಅದು ಕಾನೂನುಬಾಹಿರ.

ಇಷ್ಟಾದ ಮೇಲೂ ಹೋಟೆಲ್ ಬಾಗಿಲ ತನಕ ಕಾರು ತಗೊಂಡು ಹೋಗಲೇಬೇಕು ಅಂತಿದ್ದರೆ, ಕೌಂಟರಿನಲ್ಲಿ ಕೀಲಿ ಕೈಗೆ ಬಂದ ಕೂಡಲೇ ನಂಬರ್ ಪ್ಲೇಟಿನ ಫೋಟೊ ತೆಗೆದು ಹೋಟೆಲಿಗೆ ಕಳಿಸಿ. ನೋಂದಾಯಿಸಿದ್ದೇವೆ ಅಂತ ಅವರ ಉತ್ತರ ಬರುವ ತನಕ ಊರೊಳಗೆ ಕಾಲಿಡಬೇಡಿ.