ಎರಡು ಮೋಟರುಗಳ ಪರಿಸರ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಬಹುದೇ?

ಮಲ್ಪೆಯ ನಿಮ್ಮ ಐಸ್ ಪ್ಲಾಂಟಿನ ಕಂಪ್ರೆಸರಿಗೆ 15 ಕಿಲೋವಾಟಿನ ಮೋಟರ್ ಕೊಳ್ಳಬೇಕಾಗಿದೆ, ಇಬ್ಬರು ತಯಾರಕರು ಕೊಟ್ಟ ಪರಿಸರ ಘೋಷಣೆಗಳಲ್ಲಿ (ಉತ್ಪನ್ನದಿಂದ ಪರಿಸರಕ್ಕಾಗುವ ಹೊರೆಯ ಲೆಕ್ಕಪತ್ರಗಳಲ್ಲಿ) ಒಂದರ ಇಂಗಾಲದ ಅಂಕಿ ಇನ್ನೊಂದರ ಕಾಲುಭಾಗವೂ ಇಲ್ಲ, ಕಡಿಮೆ ಇರುವುದನ್ನೇ ಆರಿಸಬೇಕೇ ಎಂದು ಕೇಳಿದ್ದೀರಿ. ಬೈಕಂಪಾಡಿಯ ಕಾರ್ಖಾನೆಗಳಿಗೆ ಮೋಟರ್, ಪ್ಯಾನೆಲ್‌ಗಳ ಆಯ್ಕೆಯಲ್ಲಿ ಸಲಹೆ ಕೊಡುವುದು ನನ್ನ ವೃತ್ತಿ. ಆ ಎರಡು ಅಂಕಿಗಳನ್ನು ಇದ್ದಂತೆಯೇ ಹೋಲಿಸಬೇಡಿ ಎಂಬುದೇ ನನ್ನ ಉತ್ತರ.

ಅದಿರು ತೆಗೆಯುವುದರಿಂದ ಹಿಡಿದು ಗುಜರಿಗೆ ಹೋಗುವವರೆಗಿನ ಎಲ್ಲ ಹಂತಗಳ ಹೊರೆಯನ್ನು ಕೂಡಿಸುವ ಜೀವನಚಕ್ರ ಮೌಲ್ಯಮಾಪನಕ್ಕೆ ಐಎಸ್ಒ 14040 ಮತ್ತು 14044 ಎಂಬ ಅಂತರರಾಷ್ಟ್ರೀಯ ಮಾನದಂಡಗಳು ಚೌಕಟ್ಟು ಹಾಕಿಕೊಟ್ಟಿವೆ. ವಿದ್ಯುತ್ ಉಪಕರಣಗಳಿಗಾಗಿಯೇ ಯುರೋಪಿನಲ್ಲಿ 2019ರ ಇಎನ್ 50693 ಎಂಬ ಮಾನದಂಡವಿದೆ. ಆದರೆ ಚೌಕಟ್ಟು ಒಂದೇ ಆದರೂ ಅದರೊಳಗೆ ಎಷ್ಟು ವರ್ಷ, ವರ್ಷಕ್ಕೆ ಎಷ್ಟು ಗಂಟೆ, ಯಾವ ದೇಶದ ವಿದ್ಯುತ್ತು ಎಂಬ ಊಹೆಗಳು ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ.

ನಿಮ್ಮ ಮೋಟರನ್ನೇ ತೆಗೆದುಕೊಳ್ಳೋಣ. ನಾಲ್ಕು ಪೋಲಿನ 15 ಕಿಲೋವಾಟ್ ಮೋಟರಿಗೆ ಅಂತರರಾಷ್ಟ್ರೀಯ ದಕ್ಷತಾ ದರ್ಜೆಗಳಲ್ಲಿ ಒಂದಾದ ಐಇ2ರಲ್ಲಿ ಕನಿಷ್ಠ ದಕ್ಷತೆ ಶೇ. 90.6, ಅದಕ್ಕಿಂತ ಮೇಲಿನ ಐಇ3ರಲ್ಲಿ ಶೇ. 92.1. ಅದು ವರ್ಷಕ್ಕೆ 6,000 ಗಂಟೆ ಪೂರ್ಣ ಹೊರೆಯಲ್ಲಿ ಓಡಿದರೆ ಶಾಫ್ಟಿನಲ್ಲಿ ಸಿಗುವ ಶಕ್ತಿ 90,000 ಯೂನಿಟ್. ಅದಕ್ಕಾಗಿ ಐಇ2 ಮೋಟರ್ ಸುಮಾರು 99,340 ಯೂನಿಟ್ಟನ್ನೂ ಐಇ3 ಮೋಟರ್ ಸುಮಾರು 97,720 ಯೂನಿಟ್ಟನ್ನೂ ಎಳೆಯುತ್ತದೆ. ನಮ್ಮ ಗ್ರಿಡ್ಡಿನಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, ಐಇ3 ಮೋಟರಿನ ನಷ್ಟವೊಂದೇ (ಎಳೆದರೂ ಶಾಫ್ಟಿಗೆ ತಲುಪದ ವಿದ್ಯುತ್ತು) 15 ವರ್ಷಕ್ಕೆ 81 ಟನ್ನಿನಷ್ಟಾಗುತ್ತದೆ. ಅದನ್ನು ತಯಾರಿಸಲು ಬೇಕಾದ ಬೀಡು, ಉಕ್ಕು, ತಾಮ್ರವೆಲ್ಲ ಸೇರಿ ನೂರು ಕಿಲೋ ಚಿಲ್ಲರೆ ತೂಗುವುದರಿಂದ, ಕಿಲೋಗೆ ಐದು ಕಿಲೋ ಹೊರಸೂಸುವಿಕೆ ಎಂದು ಧಾರಾಳವಾಗಿ ಹಿಡಿದರೂ ತಯಾರಿಕೆಯ ಪಾಲು ಒಂದು ಟನ್ನನ್ನು ಮುಟ್ಟುವುದಿಲ್ಲ. ಇನ್ನೊಂದು ವಿಷಯ ಗಮನಿಸಿ: ಒಬ್ಬ ತಯಾರಕ ನಷ್ಟವನ್ನು ಮಾತ್ರ ಲೆಕ್ಕಕ್ಕೆ ಹಿಡಿದು 81 ಟನ್ ಎಂದರೆ, ಇನ್ನೊಬ್ಬ ಮೋಟರ್ ಎಳೆದ ಅಷ್ಟೂ ವಿದ್ಯುತ್ತನ್ನು ಹಿಡಿದು 1,026 ಟನ್ ಎನ್ನಬಹುದು. ಇಬ್ಬರೂ ಸುಳ್ಳು ಹೇಳಿಲ್ಲ, ಮೋಟರೂ ಒಂದೇ. ನಿಮಗೆ ಬಂದ ಎರಡು ಘೋಷಣೆಗಳ ಅಂತರಕ್ಕೂ ಇದೇ ಕಾರಣವಿರಬಹುದು. ಮೊದಲು ಅದನ್ನೇ ಕೇಳಿ.

ಆ 6,000 ಗಂಟೆಯೂ ಮಲ್ಪೆಗೆ ಒಗ್ಗುವ ಸಂಖ್ಯೆಯೇನಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳು ದಕ್ಕೆಯಲ್ಲೇ ನಿಂತಿರುವಾಗ ಐಸಿಗೆ ಗಿರಾಕಿ ಇರುವುದಿಲ್ಲ. ನಿಮ್ಮ ಮೋಟರ್ ವರ್ಷಕ್ಕೆ 4,000 ಗಂಟೆಯೇ ಓಡುವುದಾದರೆ ನಷ್ಟದ ಲೆಕ್ಕ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಆಗಲೂ ಐಇ3 ಆರಿಸಿದ್ದಕ್ಕೆ 15 ವರ್ಷದಲ್ಲಿ ಸುಮಾರು 11 ಟನ್ ಉಳಿತಾಯವಾಗುತ್ತದೆ.

ವಿದ್ಯುತ್ತಿನ ವಿಚಾರದಲ್ಲಿ ನಮ್ಮವರು ಸಾಮಾನ್ಯವಾಗಿ ಎತ್ತುವ ವಾದವೊಂದಿದೆ: ವಾರಾಹಿಯ ಜಲವಿದ್ಯುತ್ತು ಇಷ್ಟು ಹತ್ತಿರದಲ್ಲಿರುವಾಗ ಕಲ್ಲಿದ್ದಲಿನ ಲೆಕ್ಕ ನಮಗೇಕೆ? ಹಾಗಾದರೆ ಪಡುಬಿದ್ರಿಯ ಪಕ್ಕದ ಉಷ್ಣ ಸ್ಥಾವರವೂ ಹತ್ತಿರವೇ ಅಲ್ಲವೇ! ದಕ್ಷಿಣದ ಗ್ರಿಡ್ 2013ರ ಡಿಸೆಂಬರ್ 31ರಂದು ಉಳಿದ ದೇಶದೊಂದಿಗೆ ಬೆಸೆದುಕೊಂಡ ಮೇಲೆ ಇಡೀ ಭಾರತ ಒಂದೇ ಗ್ರಿಡ್. ಕೇಂದ್ರೀಯ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ, ಯೂನಿಟ್ಟಿಗೆ ಇಷ್ಟು ಇಂಗಾಲವೆಂಬ ಸರಾಸರಿಯನ್ನೇ ಬಳಸುವುದು ನ್ಯಾಯ. ಅಣುವಿದ್ಯುತ್ತೇ ಪ್ರಧಾನವಾದ ಫ್ರಾನ್ಸಿನ ಅಂಕಿ ನಮ್ಮದರ ಹತ್ತನೇ ಒಂದು ಪಾಲೂ ಇಲ್ಲ. ಅದನ್ನಿಟ್ಟು ಮಾಡಿದ ಘೋಷಣೆ ಇಲ್ಲಿ ಕೆಲಸಕ್ಕೆ ಬಾರದು.

ಇಂಗಾಲವೊಂದನ್ನೇ ನೋಡಿದರೆ ಪ್ಯಾನೆಲ್ಲಿನ ಕೆಲವು ಭಾಗಗಳು ಕಣ್ತಪ್ಪಿಸಿಕೊಳ್ಳುತ್ತವೆ. ಸ್ಟಾರ್ಟರಿನಲ್ಲಿ ಮೋಟರಿಗೆ ವಿದ್ಯುತ್ತನ್ನು ಜೋಡಿಸಿ ಕಡಿಯುವ ಕಾಂಟ್ಯಾಕ್ಟರನ್ನು ಬಿಚ್ಚಿದರೆ ಅದರ ಸಂಪರ್ಕ ಬಿಂದುಗಳ ಮೇಲೆ ಬೆಳ್ಳಿ ಮಿಶ್ರಲೋಹದ ಪುಟ್ಟ ಬಿಲ್ಲೆಗಳು ಕಾಣುತ್ತವೆ. ತೂಕದಲ್ಲಿ ನಗಣ್ಯವಾದರೂ ಖನಿಜ ಬರಿದಾಗುವಿಕೆಯ ಸೂಚ್ಯಂಕದಲ್ಲಿ ಅವುಗಳ ಪಾಲು ತೂಕಕ್ಕೆ ಮೀರಿ ದೊಡ್ಡದು. 11 ಕೆವಿಯ (ಕಿಲೋವೋಲ್ಟಿನ) ಸ್ವಿಚ್‌ಗೇರಿನಲ್ಲಿ ವಿದ್ಯುತ್ ನಿರೋಧಕವಾಗಿ ಎಸ್ಎಫ್6 (ಸಲ್ಫರ್ ಹೆಕ್ಸಾಫ್ಲೋರೈಡ್) ಅನಿಲವಿದ್ದರೆ, ಸೋರುವ ಒಂದೊಂದು ಕಿಲೋ ಸುಮಾರು 23.5 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ.

ಕೊನೆಯದಾಗಿ ರೀವೈಂಡಿಂಗ್, ಅಂದರೆ ಸುಟ್ಟ ಮೋಟರಿನ ತಂತಿ ಸುರುಳಿಯನ್ನು (ವೈಂಡಿಂಗ್) ಹೊಸದಾಗಿ ಸುತ್ತಿಸುವುದು. ಬಹುತೇಕ ಘೋಷಣೆಗಳು ಮೋಟರ್ ಒಂದೇ ದಕ್ಷತೆಯಲ್ಲಿ ಓಡಿ ನೇರವಾಗಿ ಗುಜರಿ ಸೇರುತ್ತದೆಂದು ಭಾವಿಸುತ್ತವೆ. ಕಡಲಬದಿಯ ತೇವ, ಉಪ್ಪುಗಾಳಿಯಲ್ಲಿ ವೈಂಡಿಂಗ್ ಸುಟ್ಟರೆ ನಾವು ಅದನ್ನು ಮತ್ತೆ ಸುತ್ತಿಸುತ್ತೇವೆ. ಹಳೆಯ ತಂತಿ ಬಿಡಿಸಲು ಸ್ಟೇಟರನ್ನು (ಮೋಟರಿನ ತಿರುಗದ ಹೊರಭಾಗವನ್ನು) ಹದ ಮೀರಿ ಕಾಯಿಸಿದರೆ, ಅದರ ಕೋರಿನ ಉಕ್ಕಿನ ತಗಡುಗಳ ನಡುವಿನ ನಿರೋಧಕ ಪದರ ಹಾಳಾಗಿ ಕೋರಿನ ನಷ್ಟ ಏರುತ್ತದೆ. ದಕ್ಷತೆ ಶೇ. 1ರಷ್ಟು ಕುಸಿದರೂ ಐಇ3ಕ್ಕೆ ಕೊಟ್ಟ ಹೆಚ್ಚುವರಿ ಹಣದ ಫಲದಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲಿಗೇ ಹೋಯಿತು. ಆದ್ದರಿಂದ ತಯಾರಕರಿಂದ ಊಹೆಗಳ ಪಟ್ಟಿ ತರಿಸಿಕೊಂಡು, ನಿಮ್ಮ ಗಂಟೆ ಮತ್ತು ನಮ್ಮ ಗ್ರಿಡ್ ಹಾಕಿ ಎರಡನ್ನೂ ಹೊಸದಾಗಿ ಲೆಕ್ಕ ಮಾಡಿ. ರೀವೈಂಡಿಂಗಿಗೆ ಕೊಡುವಾಗ ಸ್ಟೇಟರನ್ನು ಎಷ್ಟು ಡಿಗ್ರಿಗೆ ಕಾಯಿಸುತ್ತಾರೆಂದು ವಿಚಾರಿಸಿ, ಕೋರ್ ನಷ್ಟದ ಪರೀಕ್ಷೆಯನ್ನು ಮೊದಲೂ ಆಮೇಲೂ ಮಾಡಿಸಿ.