ಕಚೇರಿಯ ಕೆಲಸ, ಮಕ್ಕಳ ವಾಲಿಬಾಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ಕಾಲೇಜಿನ ದಿನಗಳಲ್ಲಿ ವಿಶ್ವವಿದ್ಯಾಲಯದ ವಾಲಿಬಾಲ್ ತಂಡದಲ್ಲಿ ಲಿಫ್ಟರ್ (ಸ್ಮ್ಯಾಷ್ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು) ಆಗಿದ್ದೆ. ಈಗ ನಮ್ಮ ಬಡಾವಣೆಯ 12ರಿಂದ 15 ವರ್ಷದ ಹದಿನಾಲ್ಕು ಹುಡುಗರಿಗೆ ಪ್ರೌಢಶಾಲೆಯ ಮೈದಾನದಲ್ಲಿ ಆಟ ಹೇಳಿಕೊಡುತ್ತಿದ್ದೇನೆ. ವಾರದಲ್ಲಿ ಆರು ಸಂಜೆ ಎಂದು ಆರಂಭಿಸಿದೆ. ಆದರೆ ಲೆಕ್ಕ ತಾಳೆಯಾಗದ ದಿನ ಏಳು ಗಂಟೆಯಾದರೂ ಬ್ಯಾಂಕು ಬಿಡಲಾಗುವುದಿಲ್ಲ. ಹುಡುಗರು ಕಾದು ಕಾದು ಮನೆಗೆ ಹೋಗುತ್ತಾರೆ. ಮನೆಯಲ್ಲೂ ಅಸಮಾಧಾನವಿದೆ. ಇಷ್ಟಾಗಿಯೂ ತಾಲ್ಲೂಕು ಮಟ್ಟದ ಮೊದಲ ಪಂದ್ಯದಲ್ಲೇ ನಮ್ಮ ಹುಡುಗರು ಸೋತರು. ನನ್ನಂಥವನು ಈ ಕೆಲಸ ಬಿಡುವುದೇ ಲೇಸೆ?

— ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಬಿಡಬೇಕಾದುದು ತರಬೇತಿಯನ್ನಲ್ಲ, ಆರು ಸಂಜೆಗಳ ಸಂಕಲ್ಪವನ್ನು. ಬರುತ್ತಾರೋ ಇಲ್ಲವೋ ತಿಳಿಯದ ತರಬೇತುದಾರನಿಗಾಗಿ ವಾರವಿಡೀ ಕಾಯುವ ಹುಡುಗನಿಗಿಂತ, ವಾರದಲ್ಲಿ ಮೂರೇ ದಿನವಾದರೂ ತಪ್ಪದೆ ಅಭ್ಯಾಸ ನಡೆಯುತ್ತದೆ ಎಂದು ಬಲ್ಲ ಹುಡುಗ ಬೇಗ ಕಲಿಯುತ್ತಾನೆ. ನಿಮ್ಮ ಕೆಲಸದ ಸ್ವರೂಪ ನೋಡಿದರೆ ಸಂಜೆ ಎಂಬುದು ನಿಮ್ಮ ಕೈಯಲ್ಲಿಲ್ಲ, ಬೆಳಗ್ಗೆ ಇದೆ. ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ಆರೂಕಾಲರಿಂದ ಏಳೂವರೆಯವರೆಗೆ, ಭಾನುವಾರ ಎರಡು ಗಂಟೆ: ಇಷ್ಟನ್ನು ಪೋಷಕರಿಗೆ ಬರೆದು ಕೊಟ್ಟು, ಅದರಂತೆಯೇ ನಡೆಯಿರಿ. ಹುಡುಗರಲ್ಲಿ ಬೆಳಗಿನ ಟ್ಯೂಷನ್‌ಗೆ ಹೋಗುವವರಿದ್ದರೆ ಆ ದಿನಗಳನ್ನು ಮೊದಲೇ ಕೇಳಿಕೊಂಡು ಅಭ್ಯಾಸದ ದಿನಗಳನ್ನು ಬದಲಿಸಿಕೊಳ್ಳಬಹುದು. ಇನ್ನು ಮಾರ್ಚ್ ತಿಂಗಳು ನಿಮಗೆ ವರ್ಷದ ಲೆಕ್ಕ ಮುಗಿಸುವ ಕಾಲ, ಹುಡುಗರಿಗೆ ಪರೀಕ್ಷೆಯ ಕಾಲ. ಆ ತಿಂಗಳು ಅಭ್ಯಾಸವಿಲ್ಲ ಎಂದು ಮುಂಚಿತವಾಗಿಯೇ ಹೇಳಿಬಿಟ್ಟರೆ ಯಾರಿಗೂ ನಷ್ಟವಿಲ್ಲ.

ಸಮಯ ಕಡಿಮೆಯಾದಾಗ ಆ ಸಮಯದೊಳಗೆ ಏನು ನಡೆಯುತ್ತದೆ ಎಂಬುದೇ ಮುಖ್ಯವಾಗುತ್ತದೆ, ಮತ್ತು ನಮ್ಮ ಮೈದಾನಗಳಲ್ಲಿ ಸಮಯ ಅತಿ ಹೆಚ್ಚು ವ್ಯರ್ಥವಾಗುವುದು ಸ್ಮ್ಯಾಷ್ ಸಾಲಿನಲ್ಲಿ. ತರಬೇತುದಾರ ನೆಟ್ಟಿನ ಪಕ್ಕ ನಿಂತು ಲಿಫ್ಟ್ ಕೊಡುತ್ತಾನೆ, ಹುಡುಗರು ಸಾಲಾಗಿ ಬಂದು ಹೊಡೆಯುತ್ತಾರೆ. ಒಬ್ಬನು ಓಡಿಬಂದು, ಜಿಗಿದು, ಹೊಡೆದು ಹೋಗಲು ಸುಮಾರು ಹನ್ನೆರಡು ಸೆಕೆಂಡು ಎಂದಿಟ್ಟುಕೊಂಡರೆ ಇಪ್ಪತ್ತು ನಿಮಿಷಕ್ಕೆ ನೂರು ಹೊಡೆತ. ಹದಿನಾಲ್ಕು ಹುಡುಗರಿಗೆ ಹಂಚಿದರೆ ತಲಾ ಏಳು. ಉಳಿದ ಹೊತ್ತೆಲ್ಲ ಸಾಲಿನಲ್ಲಿ ನಿಂತು ಹರಟೆ. ಅದೇ ಹುಡುಗರನ್ನು ನಾಲ್ಕು ಚೆಂಡು ಕೊಟ್ಟು ಮೂವರು, ನಾಲ್ವರ ಗುಂಪುಗಳಾಗಿ ಪಾಸ್ ಮಾಡಲು ಬಿಟ್ಟರೆ, ತಪ್ಪಿಹೋದ ಚೆಂಡಿನ ಹಿಂದೆ ಓಡುವ ಸಮಯವನ್ನು ಕಳೆದರೂ ಹತ್ತು ನಿಮಿಷದಲ್ಲಿ ಪ್ರತಿಯೊಬ್ಬನ ಕೈಗೆ ನಲವತ್ತು ಸಲವಾದರೂ ಚೆಂಡು ತಾಗುತ್ತದೆ. ನೀವು ಲಿಫ್ಟರ್ ಆಗಿದ್ದವರು, ಒಳ್ಳೆಯ ಲಿಫ್ಟ್ ಕೊಟ್ಟು ಹುಡುಗರಿಂದ ಹೊಡೆಸುವ ಆಸೆ ಸಹಜವೇ. ಆದರೆ ಪಂದ್ಯದ ದಿನ ಅಂಕಣದೊಳಗೆ ಲಿಫ್ಟ್ ಕೊಡಲು ನೀವು ಇರುವುದಿಲ್ಲ.

ಪಂದ್ಯಕ್ಕೆ ಹತ್ತಿರವಾದ ಅಭ್ಯಾಸ ಬೇಕೆಂದರೆ ಅಂಕಣವನ್ನು ಒಡೆಯಿರಿ. ಪೂರ್ಣ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಅಗಲವನ್ನು ಸುಣ್ಣದ ಗೆರೆಯಿಂದ ಎರಡು ಮಾಡಿ, ಹಿಂದಿನ ಗೆರೆಯನ್ನು ನೆಟ್ಟಿನಿಂದ 6 ಮೀಟರಿಗೆ ತಂದರೆ ಒಂದೇ ನೆಟ್ಟಿನಡಿ ಎರಡು ಪುಟ್ಟ ಅಂಕಣಗಳು ಸಿಗುತ್ತವೆ. ಮೂವರ ವಿರುದ್ಧ ಮೂವರು ಆಡಿದರೆ ಒಟ್ಟಿಗೆ ಹನ್ನೆರಡು ಮಂದಿಗೆ ಆಟವಾಯಿತು. ಮಿಕ್ಕ ಇಬ್ಬರು ಅಂಕ ಎಣಿಸಲಿ, ಹತ್ತು ಅಂಕಕ್ಕೊಮ್ಮೆ ಒಳಗೆ ಬರಲಿ. ಮೂವರೇ ಇರುವಾಗ ಯಾರೂ ಮೂಲೆಯಲ್ಲಿ ಅವಿತುಕೊಳ್ಳಲಾಗದು, ಎಲ್ಲರೂ ಪಾಸ್ ಮಾಡಬೇಕು, ಎಲ್ಲರೂ ಲಿಫ್ಟ್ ಮಾಡಬೇಕು. ಹದಿಮೂರು ವರ್ಷದ ಗಿಡ್ಡ ಹುಡುಗನನ್ನು ಇವನು ಲಿಫ್ಟರ್ ಎಂದು ಈಗಲೇ ಗುರುತು ಹಾಕಬೇಡಿ, ಎರಡು ವರ್ಷದಲ್ಲಿ ಅವನೇ ತಂಡದಲ್ಲಿ ಎಲ್ಲರಿಗಿಂತ ಎತ್ತರ ಬೆಳೆದಿರಬಹುದು. ನೆಟ್ಟಿನ ವಿಷಯದಲ್ಲೂ ಅಷ್ಟೆ. 2.43 ಮೀಟರ್ ಎಂಬುದು ವಯಸ್ಕ ಪುರುಷರಿಗೆ ಗೊತ್ತುಪಡಿಸಿದ ಎತ್ತರ. ಕಿರಿಯರಿಗೆ ಎರಡು ಮೀಟರಿನ ಆಸುಪಾಸಿನಲ್ಲಿ ಕಟ್ಟಿ, ಸ್ಪರ್ಧೆ ಹತ್ತಿರವಾದಾಗ ಸಂಘಟಕರನ್ನು ಕೇಳಿ ಅವರು ಹೇಳುವ ಎತ್ತರಕ್ಕೆ ಏರಿಸಿ.

ಈ ವಯಸ್ಸಿನ ಪಂದ್ಯಗಳನ್ನು ಗೆಲ್ಲಿಸುವುದು ಸ್ಮ್ಯಾಷ್ ಅಲ್ಲ, ಸರ್ವಿಸ್ ಮತ್ತು ಅದನ್ನು ತೆಗೆಯುವ ಮೊದಲ ಪಾಸ್. ಪ್ರತಿ ರ‍್ಯಾಲಿಗೂ (ಸರ್ವಿಸಿನಿಂದ ಚೆಂಡು ನಿಲ್ಲುವವರೆಗಿನ ಆಟಕ್ಕೂ) ಅಂಕ ಸಿಗುವ ಈಗಿನ ಪದ್ಧತಿಯಲ್ಲಿ ನೆಟ್ಟು ದಾಟದ ಪ್ರತಿ ಸರ್ವಿಸ್ ಎದುರಾಳಿಗೆ ಕೊಟ್ಟ ಅಂಕವೇ. ನಿಮ್ಮ ಹುಡುಗರು ಸೋತ ಪಂದ್ಯದಲ್ಲಿ ಸರ್ವಿಸ್ ತಪ್ಪಿದ್ದೆಷ್ಟು, ಸರ್ವಿಸ್ ತೆಗೆಯಲಾಗದೆ ಹೋದದ್ದೆಷ್ಟು ಎಂದು ನೆನಪಿಸಿಕೊಳ್ಳಿ. ಉಳಿದ ಕಾರಣಗಳು ಬಹುಶಃ ಅವುಗಳ ನಂತರ ಬರುತ್ತವೆ. ಅಂಡರ್‌ಹ್ಯಾಂಡ್ ಪಾಸ್ (ಜೋಡಿಸಿದ ಮುಂಗೈಗಳಿಂದ ಚೆಂಡನ್ನು ಎತ್ತುವುದು) ಕಲಿಸುವಾಗ ನಾವೆಲ್ಲ ಹುಡುಗನ ಕೈಯನ್ನು ನೋಡುತ್ತೇವೆ. ಒಂದು ದಿನ ಪಕ್ಕದ ಗೆರೆಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಕಾಲುಗಳನ್ನಷ್ಟೇ ನೋಡಿ. ಚೆಂಡು ನೆಟ್ಟು ದಾಟುವವರೆಗೆ ಹುಡುಗ ನೆಟ್ಟಗೆ ನಿಂತಿರುತ್ತಾನೆ, ಕೊನೆಯ ಕ್ಷಣದಲ್ಲಿ ಮೊಣಕೈ ಮಡಚಿ ಕೈ ಚಾಚುತ್ತಾನೆ, ಚೆಂಡು ಮಣಿಕಟ್ಟಿಗೆ ತಾಗಿ ಹಿಂದಕ್ಕೆ ಹಾರುತ್ತದೆ. ಕೈ ನೇರವಾಗಿರಲಿ ಎಂದು ನೂರು ಸಲ ಕೂಗಿದರೂ ಅದು ಸರಿಹೋಗದು, ಏಕೆಂದರೆ ದೋಷವಿರುವುದು ಚೆಂಡಿನ ಹಿಂದೆ ಬಂದು ನಿಲ್ಲದ ಕಾಲಿನಲ್ಲಿ. ಹಾಗೆಯೇ ಚೆಂಡಿನ ಗಾಳಿಯನ್ನೂ ಪರೀಕ್ಷಿಸಿ. ನಿಯಮದ ಪ್ರಕಾರ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕಿಲೋಗ್ರಾಂ ಮಾತ್ರ. ನಮ್ಮಲ್ಲಿ ಸೈಕಲ್ ಅಂಗಡಿಯ ಪಂಪಿನಿಂದ ಕಲ್ಲಿನಂತೆ ಗಟ್ಟಿಯಾಗುವವರೆಗೂ ಗಾಳಿ ತುಂಬುತ್ತಾರೆ. ಮುಂಗೈ ಕೆಂಪಾಗಿ ಉರಿಯುವ ಹುಡುಗ ಕೈ ಹಿಂದೆಗೆದರೆ ಅದು ಹೇಡಿತನವಲ್ಲ.

ಮೈದಾನಕ್ಕೆ ಬಂದು ನೀವೇ ನೆಟ್ ಕಟ್ಟುತ್ತಿದ್ದರೆ ಕಾಲು ಗಂಟೆ ಅಲ್ಲಿಗೇ ಹೋಯಿತು. ಆ ಕೆಲಸವನ್ನು ಹುಡುಗರಿಗೆ ಸರದಿಯಂತೆ ಹಂಚಿ, ಪ್ರತಿ ದಿನ ಒಬ್ಬ ಪೋಷಕರು ಅಲ್ಲಿರುವಂತೆ ನೋಡಿಕೊಳ್ಳಿ. ದೊಡ್ಡವರೊಬ್ಬರು ಜೊತೆಗಿರುವುದು ಮಕ್ಕಳ ಸುರಕ್ಷತೆಗೂ ಒಳ್ಳೆಯದು, ನಿಮ್ಮ ಹೆಸರಿಗೂ ಒಳ್ಳೆಯದು. ಶಾಲೆಯ ದೈಹಿಕ ಶಿಕ್ಷಕರೊಂದಿಗೆ ಸ್ನೇಹದಿಂದಿರಿ. ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳಲ್ಲಿ ಹುಡುಗರು ಆಡುವುದು ತಮ್ಮ ತಮ್ಮ ಶಾಲೆಯ ಪರವಾಗಿ, ಹೀಗಾಗಿ ನಿಮ್ಮಲ್ಲಿ ಒಟ್ಟಿಗೆ ಕಲಿತವರೇ ಅಲ್ಲಿ ಎದುರಾಳಿಗಳಾಗಬಹುದು. ತಂಡವನ್ನು ಕರೆದೊಯ್ಯುವ ಹೊಣೆಯೂ ಆ ಶಿಕ್ಷಕರದು. ವಾರದ ನಡುವೆ ನಡೆಯುವ ಆ ಪಂದ್ಯಗಳಿಗೆ ನೀವು ಸಾಂದರ್ಭಿಕ ರಜೆ ಸುಡಬೇಕಾಗಿಲ್ಲ ಎಂಬುದು ಇದರ ಲಾಭ. ಇನ್ನು ಊರೂರುಗಳಲ್ಲಿ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿಗಳಿಗೆ ಈ ಹುಡುಗರನ್ನು ಕರೆದೊಯ್ಯಬೇಡಿ ಎಂದೇ ನನ್ನ ಸಲಹೆ. ನೋಡಲು ಅವುಗಳಷ್ಟು ಸೊಗಸು ಬೇರಿಲ್ಲ, ಆದರೆ ಫೈನಲ್ ಮುಗಿಯುವಾಗ ಕೋಳಿ ಕೂಗಿರುತ್ತದೆ. ಬೆಳಗ್ಗೆ ಹುಡುಗರಿಗೆ ಶಾಲೆ, ನಿಮಗೆ ಕೌಂಟರು.

ಪ್ರಶ್ನೆ: ನಾನು ಅಂಚೆ ಇಲಾಖೆಯ ನೌಕರ. ಬಿಡುವಿನ ವೇಳೆಯಲ್ಲಿ ಮಕ್ಕಳಿಗೆ ವಾಲಿಬಾಲ್ ಕಲಿಸುತ್ತೇನೆ. ತಿಂಗಳಿಗೆ ಸ್ವಲ್ಪ ಶುಲ್ಕ ಪಡೆಯಿರಿ ಎಂದು ಪೋಷಕರೇ ಹೇಳುತ್ತಿದ್ದಾರೆ. ಪಡೆಯಬಹುದೆ? ತರಬೇತುದಾರನ ಪ್ರಮಾಣಪತ್ರ ಪಡೆಯಲು ಕೆಲಸ ಬಿಡಬೇಕೆ?

— ಓದುಗರೊಬ್ಬರು, ಧಾರವಾಡ

ಉತ್ತರ: ಅನುಮತಿ ಪಡೆಯದೆ ಶುಲ್ಕ ಮುಟ್ಟಬೇಡಿ. ನಿಮಗೆ ಅನ್ವಯಿಸುವ 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 15ನೆಯ ನಿಯಮವು ಕಚೇರಿಯ ಕರ್ತವ್ಯಕ್ಕೆ ಧಕ್ಕೆಯಾಗದಂತೆ ಗೌರವಾರ್ಥವಾಗಿ ಸಮಾಜಸೇವೆ ಮಾಡುವುದಕ್ಕೆ ಮತ್ತು ಹವ್ಯಾಸಿಯಾಗಿ ಕ್ರೀಡೆಯಲ್ಲಿ ಪಾಲ್ಗೊಳ್ಳುವುದಕ್ಕೆ ಅವಕಾಶ ಕೊಡುತ್ತದೆ. ಹಣ ಪಡೆದು ಮಾಡುವ ಹೊರಗಿನ ಕೆಲಸಕ್ಕೆ ಮಾತ್ರ ಮೇಲಧಿಕಾರಿಗಳ ಪೂರ್ವಾನುಮತಿ ಬೇಕು. ಚೆಂಡು, ನೆಟ್ಟಿನ ಖರ್ಚನ್ನು ಪೋಷಕರು ತಾವೇ ಒಂದು ಖಾತೆಯಲ್ಲಿ ಕೂಡಿಸಿ, ತಾವೇ ಖರೀದಿಸಿ, ರಸೀದಿ ಇಟ್ಟುಕೊಳ್ಳಲಿ. ಆ ಹಣ ನಿಮ್ಮ ಕೈಗೆ ಬರದಿರುವುದೇ ಕ್ಷೇಮ.

ಪ್ರಮಾಣಪತ್ರಕ್ಕಾಗಿ ಕೆಲಸ ಬಿಡುವ ಮಾತು ಬೇಡ. ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಪೂರ್ಣಾವಧಿಯ ಓದು, ಅದು ತರಬೇತಿಯನ್ನೇ ವೃತ್ತಿ ಮಾಡಿಕೊಳ್ಳುವವರಿಗೆ. ಅದೇ ಸಂಸ್ಥೆಯ ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ನಿಮ್ಮಂಥವರಿಗೆ ಹೊಂದುತ್ತದೆ, ಗಳಿಕೆ ರಜೆ ಕೂಡಿಸಿಟ್ಟರೆ ಸಾಧ್ಯವಾಗುವಂಥದು. ಅರ್ಜಿ ಹಾಕುವ ಮುನ್ನ ಆ ವರ್ಷದ ಪ್ರಕಟಣೆಯಲ್ಲಿ ಅರ್ಹತೆ, ಕೇಂದ್ರ ಮತ್ತು ದಿನಾಂಕಗಳನ್ನು ನೋಡಿಕೊಂಡು, ರಜೆಯ ಮಂಜೂರಾತಿಯನ್ನು ಲಿಖಿತವಾಗಿ ಪಡೆಯಿರಿ.

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ಪಾಳಿಯ ಕೆಲಸದವಳು, ಹುಡುಗಿಯರ ತಂಡಕ್ಕೆ ತರಬೇತಿ ಕೊಡುತ್ತೇನೆ. ತಂಡದ ಹದಿಮೂರು ವರ್ಷದ ಹುಡುಗಿಗೆ ಮಂಡಿಚಿಪ್ಪಿನ ಕೆಳಗೆ ಮೂಳೆ ಉಬ್ಬಿದಂತಾಗಿ, ಜಿಗಿದರೆ ನೋವು ಎನ್ನುತ್ತಾಳೆ. ಆಡಿಸಬಹುದೆ?

— ಓದುಗರೊಬ್ಬರು, ಮಂಗಳೂರು

ಉತ್ತರ: ವೈದ್ಯರು ನೋಡುವವರೆಗೆ ಜಿಗಿತ ನಿಲ್ಲಿಸಿ. ಬೆಳೆಯುವ ವಯಸ್ಸಿನಲ್ಲಿ, ಜಿಗಿತ ಮತ್ತು ಓಟ ಹೆಚ್ಚಿರುವ ಆಟಗಳಲ್ಲಿ, ತೊಡೆಯ ಸ್ನಾಯು ಎಳೆಯುವ ಜಾಗದಲ್ಲಿ ಮೊಣಕಾಲ ಮೂಳೆಯ ಇನ್ನೂ ಗಟ್ಟಿಯಾಗದ ಭಾಗ ನೋಯುವುದು, ಉಬ್ಬುವುದು ಅಪರೂಪವಲ್ಲ. ಆಸ್‌ಗುಡ್ ಶ್ಲಾಟರ್ ಎಂದು ವೈದ್ಯರು ಅದನ್ನು ಕರೆಯುತ್ತಾರೆ. ಸಾಮಾನ್ಯವಾಗಿ ಬೆಳವಣಿಗೆ ಮುಗಿಯುವ ಹೊತ್ತಿಗೆ ನೋವು ತಾನಾಗಿ ಕಡಿಮೆಯಾಗುತ್ತದೆ. ಆದರೆ ಹೆಸರಿಡುವ ಕೆಲಸ ತರಬೇತುದಾರರದಲ್ಲ. ರಾತ್ರಿ ಮಲಗಿದಾಗಲೂ ನೋವಿದ್ದರೆ, ಮಂಡಿ ಊದಿದ್ದರೆ, ಕುಂಟುತ್ತಿದ್ದರೆ ತಡಮಾಡದೆ ಮೂಳೆತಜ್ಞರಿಗೆ ತೋರಿಸಲು ಪೋಷಕರಿಗೆ ಹೇಳಿ.

ಅಲ್ಲಿಯವರೆಗೆ ಅವಳನ್ನು ಮನೆಯಲ್ಲಿ ಕೂರಿಸುವುದೂ ಬೇಡ. ನಿಂತಲ್ಲೇ ಲಿಫ್ಟ್ ಮಾಡುವುದು, ನೆಲ ಬಿಡದೆ ಸರ್ವಿಸ್ ಹಾಕುವುದು ನೋವಿಲ್ಲದಿದ್ದರೆ ನಡೆಯಲಿ; ಉಳಿದ ಹೊತ್ತು ಅವಳೇ ಅಂಕ ಬರೆದು, ರೊಟೇಷನ್ (ಆಟಗಾರ್ತಿಯರು ಜಾಗ ಬದಲಿಸುವ ಸರದಿ) ತಪ್ಪಿದರೆ ಕೂಗಿ ಹೇಳಲಿ. ಪಾಳಿಯ ಕೆಲಸದವರಿಗೆ ವಾರದ ದಿನಗಳನ್ನು ಗೊತ್ತುಮಾಡುವುದು ಕಷ್ಟ, ಆದ್ದರಿಂದ ತಿಂಗಳ ಡ್ಯೂಟಿ ಪಟ್ಟಿ ಕೈಸೇರಿದ ದಿನವೇ ಅಭ್ಯಾಸದ ದಿನಾಂಕಗಳನ್ನು ಬರೆದು ಪೋಷಕರಿಗೆ ಕಳುಹಿಸಿ. ರಾತ್ರಿ ಪಾಳಿ ಮುಗಿಸಿದ ಬೆಳಗ್ಗೆ ಮಾತ್ರ ಅಭ್ಯಾಸ ಇಟ್ಟುಕೊಳ್ಳಬೇಡಿ: ನಿದ್ದೆಗೆಟ್ಟ ಕಣ್ಣಿಗೆ ಕುಂಟುವ ಹುಡುಗಿ ಕಾಣಿಸುವುದಿಲ್ಲ.